ತಿದ್ದುವ ಕೈ ಎಲ್ಲಿದೆ?

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಇತಿಹಾಸ, ಗಣಿತದ ಪಾಠಗಳು ಹೇಗೋ ಮೊಬೈಲಿಗೆ ಬಂದವು. ವಿನ್ಯಾಸ ಮತ್ತು ವಾಸ್ತುಶಿಲ್ಪ ಕಾಲೇಜುಗಳ ಕಷ್ಟ ಬೇರೆಯದಾಗಿತ್ತು. ಅಲ್ಲಿನ ಮುಖ್ಯ ತರಗತಿಗೆ ಸ್ಟುಡಿಯೋ ಎಂದು ಹೆಸರು. ಅಲ್ಲಿ ಉಪನ್ಯಾಸ ಕಡಿಮೆ. ಮಾಡುವುದು, ತೋರಿಸುವುದು, ತಿದ್ದಿಸಿಕೊಂಡು ಮತ್ತೆ ಮಾಡುವುದೇ ಪಾಠ. ಈ ಸ್ಟುಡಿಯೋವನ್ನು ಪರದೆಗೆ ಸಾಗಿಸಿದ ರೀತಿಯನ್ನು ಈಗಲಾದರೂ ವಿಮರ್ಶೆಗೆ ಒಡ್ಡಬೇಕಾಗಿದೆ. ಸೋಂಕಿನ ಭಯ ಹೋದರೂ ಆನ್‌ಲೈನ್ ವಿನ್ಯಾಸ ಕೋರ್ಸುಗಳು ನಮ್ಮ ನಡುವೆ ಉಳಿದಿವೆ.

ಸ್ಟುಡಿಯೋದಲ್ಲಿ ನಿಜಕ್ಕೂ ನಡೆಯುವುದೇನು? ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರ 'ದ ರಿಫ್ಲೆಕ್ಟಿವ್ ಪ್ರಾಕ್ಟಿಷನರ್' ಗ್ರಂಥದಲ್ಲಿ ಒಂದು ಪ್ರಸಂಗವನ್ನು ವಿವರಿಸಿದ್ದಾರೆ. ಪೆಟ್ರಾ ಎಂಬ ವಿದ್ಯಾರ್ಥಿನಿಗೆ ಇಳಿಜಾರು ಜಾಗದಲ್ಲಿ ಶಾಲೆಯ ಕಟ್ಟಡ ಕೂರಿಸಲು ಆಗುತ್ತಿಲ್ಲ. ಅಧ್ಯಾಪಕ ಕ್ವಿಸ್ಟ್ ಅವಳ ನಕ್ಷೆಯ ಮೇಲೆ ತೆಳು ಕಾಗದ ಹಾಸಿ, ಗೆರೆ ಎಳೆಯುತ್ತಲೇ ಮಾತಾಡುತ್ತಾನೆ. ಆ ಗೆರೆಯನ್ನು ಬಿಟ್ಟು ಬರೀ ಮಾತನ್ನು ಕೇಳಿದರೆ ಏನೂ ತಿಳಿಯದು.

ಬಹಳಷ್ಟು ಆನ್‌ಲೈನ್ ತರಗತಿಗಳಲ್ಲಿ ಮಾತು ಉಳಿದು ಗೆರೆ ಮಾಯವಾಯಿತು. ವಿದ್ಯಾರ್ಥಿ ಮುಗಿಸಿದ ಚಿತ್ರವನ್ನಷ್ಟೇ ತೋರಿಸುತ್ತಾನೆ, ಅಧ್ಯಾಪಕರು "ಇನ್ನೂ ಸುಧಾರಿಸಿ" ಎನ್ನುತ್ತಾರೆ. ಎಲ್ಲಿ, ಹೇಗೆ ಎಂಬುದು ಹೇಳದೆಯೇ ಉಳಿಯುತ್ತದೆ.

ಇದಕ್ಕೆ ದೂರವೇ ಕಾರಣವೆನ್ನುವವರಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ಉರ್ದು ಕಲಿತವರಿಗೆ ಖತ್ತಾತಿಯ ಕ್ರಮ ಗೊತ್ತು. ಶಿಷ್ಯ ಬರೆದ ಮಶ್ಕ್ ಹಾಳೆಯ ಮೇಲೆಯೇ ಉಸ್ತಾದರು ಸರಿಯಾದ ಅಕ್ಷರವನ್ನು ಬರೆದು, ಕಲಮಿನ ನುಕ್ತೆಗಳಿಂದ ಅಳತೆ ತೋರಿಸುತ್ತಾರೆ. ಅಮೆರಿಕದ ಮುಹಮ್ಮದ್ ಝಕರಿಯಾ ಇಸ್ತಾಂಬುಲಿನ ಉಸ್ತಾದ್ ಹಸನ್ ಚೆಲೆಬಿ ಅವರಿಂದ ಕಲಿತದ್ದು ಬಹುಪಾಲು ಅಂಚೆಯ ಮೂಲಕ. 1988ರಲ್ಲಿ ಅವರಿಗೆ ಇಜಾಝತ್ ದೊರೆಯಿತು. ಉಸ್ತಾದರು ದೂರವಿದ್ದರೂ ಅವರ ಕೈ ಮಾತ್ರ ಶಿಷ್ಯನ ಹಾಳೆಯ ಮೇಲಿತ್ತು. ನಮ್ಮ ಕಾಲೇಜುಗಳು ಪರದೆಗೆ ಸಾಗಿಸಿದ್ದು ವೇಳಾಪಟ್ಟಿಯನ್ನು. ತಿದ್ದುವ ಕೈಯನ್ನು ಸಾಗಿಸಲು ಮರೆತವು.

ಆದರೂ ಅಂಚೆಯಿಂದ ಬಾರದ್ದೊಂದಿದೆ, ಅದು ಪಕ್ಕದ ಮೇಜು. ಗೆಳತಿಯ ಮಾದರಿ ಯಾಕೆ ಬಿತ್ತು ಎಂದು ನೋಡಿ ಕಲಿಯುವುದು, ಇನ್ನೊಬ್ಬನಿಗೆ ಹೇಳಿದ್ದು ತನಗೂ ದಾರಿಯಾಗುವುದು ಸ್ಟುಡಿಯೋದ ಅರ್ಧ ಪಾಠ. ಇನ್ನು ಸಾಧನದ ಮಾತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 2017-18ರಲ್ಲಿ ಕಂಪ್ಯೂಟರ್ ಇದ್ದದ್ದು ನಗರದ ಶೇ. 23.4 ಮತ್ತು ಹಳ್ಳಿಯ ಶೇ. 4.4 ಮನೆಗಳಲ್ಲಿ ಮಾತ್ರ. ಭಾರೀ ತಂತ್ರಾಂಶ ಬೇಡುವ ವಿನ್ಯಾಸದ ಪಾಠವನ್ನು ಅಣ್ಣತಮ್ಮಂದಿರೊಡನೆ ಒಂದೇ ಫೋನ್ ಹಂಚಿಕೊಂಡ ಹುಡುಗಿ ಹೇಗೆ ಕಲಿತಾಳು?

ಆನ್‌ಲೈನ್ ಕಲಿಕೆಯನ್ನು ಪೂರ್ತಿ ತಳ್ಳಿಹಾಕುವುದೂ ನ್ಯಾಯವಲ್ಲ. ಹಾಸ್ಟೆಲಿಗೆ ಕಳಿಸಲೊಪ್ಪದ ಮನೆಯ ಹೆಣ್ಣುಮಕ್ಕಳಿಗೆ ಅದು ಒಂದು ಬಾಗಿಲು. ದಾಖಲಾದ ವಿಮರ್ಶೆಯನ್ನು ಮತ್ತೆ ಕೇಳಬಹುದು, ನಾಲ್ಕು ಜನರೆದುರು ತಲೆತಗ್ಗಿಸುವವರು ಬರೆದು ಕೇಳಬಹುದು. ಆದರೆ ಆ ಬಾಗಿಲ ಆಚೆ ನಿಜವಾದ ಪಾಠ ಇರಬೇಕು. ಇಪ್ಪತ್ತು ಮಂದಿಯ ಬದಲು ಐವರ ಗುಂಪು, ಮುಗಿದ ಚಿತ್ರದ ಜೊತೆಗೆ ಕೆಟ್ಟ ಕರಡುಗಳೂ ಎಲ್ಲರ ಕಣ್ಣಿಗೆ ಬೀಳುವ ಏರ್ಪಾಡು, ಮನೆಯಲ್ಲಿ ಸಿಗುವ ರಟ್ಟು, ಮಣ್ಣು, ಬಟ್ಟೆಯಲ್ಲಿ ಮಾಡುವ ಕೆಲಸ, ಹಾಳೆಯ ಮೇಲೆಯೇ ಅಧ್ಯಾಪಕರ ತಿದ್ದುಪಡಿ: ಇವಕ್ಕೆ ದುಬಾರಿ ಯಂತ್ರ ಬೇಡ, ಅಧ್ಯಾಪಕರ ಸಮಯ ಬೇಕು.

ಮಕ್ಕಳನ್ನು ಇಂಥ ಕೋರ್ಸಿಗೆ ಸೇರಿಸುವ ತಂದೆತಾಯಿ ಶುಲ್ಕ ಕಟ್ಟುವ ಮುನ್ನ ಒಂದನ್ನು ಕೇಳಲಿ: ನನ್ನ ಮಗಳ ಹಾಳೆಯನ್ನು ವಾರಕ್ಕೆ ಎಷ್ಟು ಸಲ, ಯಾರು ತಿದ್ದುತ್ತಾರೆ?