ನಾಲ್ಕು ಕೈ ದಾಟಿದ ಕೃತಿ

ಕರಡು ಬರೆದುಕೊಳ್ಳದೆ, ಒಮ್ಮೆ ಇಟ್ಟ ಪದವನ್ನು ತಿದ್ದದೆ ಕಾವ್ಯ ಕಟ್ಟಿದೆನೆಂದು ಕುಮಾರವ್ಯಾಸ ಹೆಮ್ಮೆಪಡುತ್ತಾನೆ. ಮಹಾಕೃತಿ ಮಿಂಚಿನಂತೆ ಇಳಿದುಬರುತ್ತದೆ ಎಂಬ ನಮ್ಮ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಕನ್ನಡದಲ್ಲೇ ಇದಕ್ಕೆ ಎದುರುಸಾಕ್ಷಿಯೂ ಇದೆ: 'ಶೂನ್ಯಸಂಪಾದನೆ'.

12ನೆಯ ಶತಮಾನದ ಶರಣರ ಬಿಡಿ ವಚನಗಳನ್ನು ಸಂವಾದವಾಗಿ ಜೋಡಿಸಿ, ಅಲ್ಲಮನನ್ನು ನಡುವೆ ನಿಲ್ಲಿಸಿದ ಈ ಕೃತಿಯನ್ನು ಮೊದಲು ರೂಪಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾಚಾರ್ಯ ಒಬ್ಬರಾದ ಮೇಲೊಬ್ಬರು ಅದನ್ನು ಮತ್ತೆ ಕಟ್ಟಿದರು. 15-16ನೆಯ ಶತಮಾನಗಳಲ್ಲಿ ಹರಡಿಕೊಂಡ ಕೆಲಸವಿದು.

ಇಲ್ಲಿ ಪ್ರತಿಭೆ ಇರುವುದು ಜೋಡಣೆಯಲ್ಲಿ. ಅಕ್ಕಮಹಾದೇವಿಯ ವಚನವನ್ನು ಬಿಡಿಯಾಗಿ ಓದಿದರೆ ಅದು ಆತ್ಮನಿವೇದನೆ. ಅದನ್ನೇ ಅಲ್ಲಮನ ಕಟುಪ್ರಶ್ನೆಯ ಮುಂದಿಟ್ಟರೆ ಅದು ಎದೆಗಾರಿಕೆಯ ಉತ್ತರ. ಪದ ಬದಲಾಗಿಲ್ಲ, ಅರ್ಥ ಬದಲಾಗಿದೆ. ಇಂಥ ಜಾಗವನ್ನು ಹುಡುಕಲು ಇಟ್ಟು ನೋಡಬೇಕು, ತೆಗೆದು ನೋಡಬೇಕು. ಪ್ರತಿಭೆಯೊಂದೇ ಸಾಲದು, ವ್ಯುತ್ಪತ್ತಿ, ಅಭ್ಯಾಸಗಳೂ ಕೂಡಿಯೇ ಕಾವ್ಯಕ್ಕೆ ಕಾರಣ ಎಂದ ಮಮ್ಮಟನ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಹಾಗೆಂದು ತಿದ್ದಿದ್ದೆಲ್ಲ ಬೆಳವಣಿಗೆಯೇ? ಸಿದ್ಧರಾಮನ ಪ್ರಸಂಗ ನೋಡಿ. ಮಹಾದೇವಯ್ಯನ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಿಲ್ಲ. ಅದು ಮುಂದಿನವರಿಗೆ ಕೊರತೆಯಾಗಿ ಕಂಡಿತು. ಪರಿಷ್ಕರಣದಲ್ಲಿ ಚನ್ನಬಸವಣ್ಣನಿಂದ ದೀಕ್ಷೆಯಾಗುವ ಕಥನ ಸೇರಿತು. ಸಿದ್ಧಾಂತದ ದೃಷ್ಟಿಯಿಂದ ಕೃತಿ ಪೂರ್ಣವಾಯಿತು. ಆದರೆ ಹೊರಗಿನ ಕುರುಹಿಲ್ಲದೆಯೂ ಒಬ್ಬ ಶರಣ ಶರಣನಾಗಬಲ್ಲ ಎಂಬ ಸಾಧ್ಯತೆ ಕಿರಿದಾಯಿತು. ಕೃತಿಯನ್ನು ತಿದ್ದುವ ಕೈ ತನ್ನ ಕಾಲದ ಅಗತ್ಯವನ್ನೂ ಅದರೊಳಗೆ ಬರೆಯುತ್ತದೆ.

ನಾವು ಸಾಮಾನ್ಯವಾಗಿ ಓದುವುದು, ಹೊಗಳುವುದು ನಾಲ್ಕನೆಯದಾದ ಸಿದ್ಧವೀರಣನ ಆವೃತ್ತಿಯನ್ನು. ನಾಟಕೀಯತೆಯಲ್ಲಿ ಅದು ಹೊಗಳಿಕೆಗೆ ಅರ್ಹವೇ. ಆದರೆ ಉಳಿದ ಮೂರನ್ನು ಅದರ ಕರಡುಗಳೆಂದು ಬದಿಗಿಟ್ಟರೆ, ಮಿಂಚಿನ ನಂಬಿಕೆ ಹಿಂಬಾಗಿಲಿನಿಂದ ಮರಳಿ ಬಂದಂತೆ. ಆಗ ನಾಲ್ವರ ದುಡಿಮೆ ಒಬ್ಬನ ಹೆಸರಿಗೆ ಹೋಗುತ್ತದೆ, ದಾರಿಯಲ್ಲಿ ಕಳೆದದ್ದು ಲೆಕ್ಕಕ್ಕೇ ಬರುವುದಿಲ್ಲ.

ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಕಾಣುವುದು ಬೇರೆ. ಅಲ್ಲಿ ಒಂದು ಪರಂಪರೆ ತನ್ನೊಂದಿಗೆ ತಾನೇ ವಾದಕ್ಕಿಳಿದಿದೆ. ಸಿದ್ಧರಾಮನ ವಿಷಯದಲ್ಲಿ ಕೊನೆಯ ಮಾತು ಆಡಿದವರು ಗೆದ್ದಿರಬಹುದು. ಮೊದಲು ಮಾತಾಡಿದವನು ಸೋತಿದ್ದಾನೆ ಎಂದು ನನಗನ್ನಿಸುವುದಿಲ್ಲ.