ಪಂಡಿತಾ ರಮಾಬಾಯಿಯವರ ಪತ್ರಗಳು: ವಾತ್ಸಲ್ಯ, ವಾದ ಮತ್ತು ಅಧಿಕಾರ

ಪತ್ರಸಾಹಿತ್ಯವನ್ನು ಜೀವನಚರಿತ್ರೆಯ ಕಚ್ಚಾಸಾಮಗ್ರಿಯೆಂದು ಭಾವಿಸುವ ರೂಢಿ ನಮ್ಮ ವಿಮರ್ಶೆಯಲ್ಲಿ ಬಲವಾಗಿದೆ. ಪತ್ರದಿಂದ ದಿನಾಂಕವನ್ನೂ ಘಟನೆಯನ್ನೂ ಹೆಕ್ಕಿಕೊಂಡು ಪತ್ರವನ್ನೇ ಬದಿಗಿಡುವುದು ಇದರ ಪರಿಣಾಮ. ಹತ್ತೊಂಬತ್ತನೆಯ ಶತಮಾನದ ಮಹಿಳೆಯರ ಬರಹಗಳ ಮಟ್ಟಿಗೆ ಇದು ದೊಡ್ಡ ನಷ್ಟವೇ ಸರಿ. ಸಭೆ, ಪೀಠ, ಪತ್ರಿಕೆಗಳು ಅವರಿಗೆ ಸುಲಭವಾಗಿ ಒಲಿಯದಿದ್ದ ಕಾಲದಲ್ಲಿ ಗಂಭೀರವಾದ ವಾದವನ್ನು ಮಂಡಿಸಲು ಅವರಿಗಿದ್ದ ಸ್ಥಳಗಳಲ್ಲಿ ಕಾಗದವೂ ಒಂದು. ಪಂಡಿತಾ ರಮಾಬಾಯಿಯವರ ಪತ್ರಗಳು ಇದಕ್ಕೆ ಉತ್ತಮ ನಿದರ್ಶನ.

ರಮಾಬಾಯಿ ಮಹಾರಾಷ್ಟ್ರದ ಸುಧಾರಕಿಯೆಂದೇ ಪ್ರಸಿದ್ಧರು. ಆದರೆ 1858ರ ಏಪ್ರಿಲ್ 23ರಂದು ಅವರು ಹುಟ್ಟಿದ್ದು ತುಂಗೆ, ಭದ್ರೆ, ನೇತ್ರಾವತಿಯರ ಉಗಮಸ್ಥಾನವಾದ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ ಅಪರಾಧಕ್ಕಾಗಿ ಅವರು ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು, ಶಾಸ್ತ್ರಗ್ರಂಥಗಳ ಆಧಾರವನ್ನೇ ಮುಂದಿಟ್ಟು ಸಮರ್ಥಿಸಿಕೊಳ್ಳಬೇಕಾಯಿತೆಂದು ಮಗಳು 1907ರ ಆತ್ಮಕಥನದಲ್ಲಿ ಬರೆದಿದ್ದಾರೆ. ಮರಾಠಿಯ ಜೊತೆಗೆ ಕನ್ನಡವನ್ನೂ ಬಲ್ಲ ಈಕೆ ಬೆಳೆದದ್ದು ಪುರಾಣ ಹೇಳುತ್ತ ಊರೂರು ಅಲೆಯುವ ಕುಟುಂಬದಲ್ಲಿ. 1874ರ ಬರಗಾಲದಲ್ಲಿ ತಂದೆತಾಯಿ ಇಬ್ಬರೂ ತೀರಿಕೊಂಡರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಮದುವೆ, 1882ರಲ್ಲಿ ವೈಧವ್ಯ. 1883ರಲ್ಲಿ ಪುಟ್ಟ ಮಗಳು ಮನೋರಮೆಯೊಡನೆ ಇಂಗ್ಲೆಂಡಿಗೆ ಪಯಣ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಾಂಟೇಜಿನ ಕನ್ಯಾಮಠದಲ್ಲಿ ಅವರು ಕ್ರೈಸ್ತಧರ್ಮವನ್ನು ಸ್ವೀಕರಿಸಿದರು.

ಸಮುದ್ರಯಾನದ ಅನುಭವವನ್ನು ಅವರು ಮೊದಲು ಹೇಳಿದ್ದೂ ಪತ್ರರೂಪದಲ್ಲಿಯೇ. ಪರಿಚಿತರೊಬ್ಬರಿಗೆ ಮರಾಠಿಯಲ್ಲಿ ಬರೆದ ಆ ದೀರ್ಘ ಪತ್ರ 1883ರಲ್ಲಿಯೇ 'ಇಂಗ್ಲಂಡಚಾ ಪ್ರವಾಸ' ಎಂಬ ಪುಸ್ತಿಕೆಯಾಗಿ ಹೊರಬಂದಿತು. ಆದರೆ ವಿಮರ್ಶೆಗೆ ಸವಾಲೊಡ್ಡುವುದು ಇಂಗ್ಲಿಷಿನಲ್ಲಿರುವ ಪತ್ರಗಳು. ಇವನ್ನು ಸಂಗ್ರಹಿಸಿದವರು ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್. ಎ. ಬಿ. ಶಹಾ ಅವರ ಸಂಪಾದಕತ್ವದಲ್ಲಿ ಮಹಾರಾಷ್ಟ್ರ ರಾಜ್ಯದ ಸಾಹಿತ್ಯ ಸಂಸ್ಕೃತಿ ಮಂಡಳಿ 1977ರಲ್ಲಿ ಪ್ರಕಟಿಸಿತು. ಪತ್ರಗಳನ್ನು ಜೋಡಿಸಿದವರು ಸನ್ಯಾಸಿನಿ, ಸಂಪಾದಿಸಿದವರು ವಿಚಾರವಾದಿ, ಬರೆದವರು ಇಬ್ಬರ ಚೌಕಟ್ಟಿಗೂ ಪೂರ್ತಿ ಒಗ್ಗದವರು. ಜೆರಾಲ್ಡೀನ್ ಪತ್ರಗಳನ್ನು ಕಾಪಾಡಿದರು ನಿಜ. ಆದರೆ ಅವುಗಳ ನಡುವೆ ತಮ್ಮ ಟಿಪ್ಪಣಿಗಳನ್ನೂ ಸೇರಿಸಿ ರಮಾಬಾಯಿಯ ಸ್ವಾತಂತ್ರ್ಯವನ್ನು ಅಹಂಕಾರವೆಂದು ಅಳೆದರು. ಜಗಳದ ಒಂದು ಪಕ್ಷವೇ ಕಡತವನ್ನು ಕಟ್ಟಿದೆ ಎಂಬುದನ್ನು ಓದುಗ ಮರೆಯುವಂತಿಲ್ಲ.

ಪತ್ರಗಳಲ್ಲಿ ಮೊದಲು ಗಮನ ಸೆಳೆಯುವುದು ಸಂಬೋಧನೆ. ರಮಾಬಾಯಿ ಜೆರಾಲ್ಡೀನರನ್ನು 'ಆಜೀಬಾಯಿ' ಎಂದು ಕರೆಯುತ್ತಾರೆ. ಘೋರ್ಪಡೆ, ಪಟವರ್ಧನ ಸಂಸ್ಥಾನಗಳ ಕಾಲದಿಂದ ಮರಾಠಿಯ ಒಡನಾಟದಲ್ಲಿ ಬೆಳೆದ ಮುಧೋಳ, ಲೋಕಾಪುರ, ಜಮಖಂಡಿಗಳ ಕನ್ನಡ ಓದುಗರಿಗೆ ಈ ಪದವನ್ನು ಅನುವಾದಿಸಿ ಹೇಳಬೇಕಿಲ್ಲ. ದೀಕ್ಷೆಯ ಸಂಬಂಧದಲ್ಲಿ ಜೆರಾಲ್ಡೀನ್ ರಮಾಬಾಯಿಗೆ ಧರ್ಮಮಾತೆ. ಹಾಗಾಗಿ ಮನೋರಮೆಗೆ ಅಜ್ಜಿ. ಮನೆಯ ಹಿರಿಯರನ್ನು ಮಗುವಿನ ನೆಲೆಯಿಂದ ಕರೆಯುವ ನಮ್ಮ ಕಡೆಯ ಪದ್ಧತಿಯೇ ಇಂಗ್ಲಿಷ್ ವಾಕ್ಯದೊಳಗೆ ಬಂದು ಕುಳಿತಿದೆ ಎಂದು ಇದನ್ನು ಓದಬಹುದು. ಈ ಕರೆಯ ಪರಿಣಾಮ ಸೂಕ್ಷ್ಮವಾದದ್ದು. 'ತಾಯಿ' ಎಂದಿದ್ದರೆ ವಿಧೇಯತೆಯ ಬಾಧ್ಯತೆ ಹೆಗಲೇರುತ್ತಿತ್ತು. ಅಜ್ಜಿಯೊಡನೆ ಸಲುಗೆಯುಂಟು, ಜಗಳವೂ ಉಂಟು. ಅತ್ಯಂತ ಕಠಿಣವಾದ ಭಿನ್ನಾಭಿಪ್ರಾಯವನ್ನೂ ಆಕೆ ಈ ಸಲುಗೆಯ ಬಾಗಿಲಿನಿಂದಲೇ ಒಳತರುತ್ತಾರೆ.

ಭಿನ್ನಾಭಿಪ್ರಾಯಗಳು ಮೇಲ್ನೋಟಕ್ಕೆ ಸಣ್ಣವು. ಕ್ರೈಸ್ತಳಾದ ಮೇಲೂ ಆಕೆ ಸಸ್ಯಾಹಾರವನ್ನು ಬಿಡಲಿಲ್ಲ. ಮೊಟ್ಟೆ ಸೇರಿದ ತಿನಿಸನ್ನೂ ಮುಟ್ಟಲಿಲ್ಲ. ಜೆರಾಲ್ಡೀನರಿಗೆ ಇದು ಹಳೆಯ ಜಾತಿಯ ಹೆಮ್ಮೆಯ ಉಳಿಕೆಯಾಗಿ ಕಂಡಿತು. ಅವರ ಶಂಕೆ ಪೂರ್ತಿ ನಿರಾಧಾರವೆನ್ನಲಾಗದು; ಆದರೂ ತಟ್ಟೆಯೊಳಗಿನ ಅನ್ನವನ್ನು ದೈವಭಕ್ತಿಯ ಅಳತೆಗೋಲಾಗಿಸಿದ್ದು ಯಾರೆಂಬ ಪ್ರಶ್ನೆ ಉಳಿಯುತ್ತದೆ. ತ್ರಿತ್ವದ ಸಿದ್ಧಾಂತ ಮತ್ತು ಮನೋರಮೆಯ ಧಾರ್ಮಿಕ ಶಿಕ್ಷಣದ ಪ್ರಶ್ನೆಗಳು ಇದಕ್ಕಿಂತ ಆಳವಾದವು. ಮಗುವಿನ ಮೇಲೆ ತಾಯಿಗಿಂತ ಮಠಕ್ಕೆ ಹೆಚ್ಚಿನ ಹಕ್ಕುಂಟೆ ಎಂಬ ಪ್ರಶ್ನೆ ಬಂದಾಗ ಪತ್ರದ ಧ್ವನಿ ಗಡುಸಾಗುತ್ತದೆ. ತನಗೂ ಮನಸ್ಸಾಕ್ಷಿಯುಂಟು, ತನ್ನ ವಿವೇಕವನ್ನು ಯಾರ ಕೈಗೂ ಒಪ್ಪಿಸಲಾರೆ ಎಂಬ ನಿಲುವಿನಿಂದ ಆಕೆ ಕದಲುವುದಿಲ್ಲ.

ಈ ವಿವಾದಗಳಲ್ಲೆಲ್ಲ ಅತ್ಯಂತ ಅರ್ಥಪೂರ್ಣವಾದದ್ದು ಚೆಲ್ಟೆನ್‌ಹ್ಯಾಮಿನದು. ಡೊರೊಥಿಯಾ ಬೀಲ್ ಪ್ರಾಂಶುಪಾಲೆಯಾಗಿದ್ದ ಅಲ್ಲಿನ ಮಹಿಳಾ ಕಾಲೇಜಿನಲ್ಲಿ ರಮಾಬಾಯಿ ಕಲಿಯುತ್ತಲೇ ಸಂಸ್ಕೃತವನ್ನು ಕಲಿಸುತ್ತಿದ್ದರು. ಗಂಡಸರಿಗೂ ಪಾಠ ಹೇಳುವ ಮಾತು ಬಂದಾಗ ಲಾಹೋರಿನ ಮತ್ತು ಮುಂಬಯಿಯ ಬಿಷಪ್ಪರು ಅದನ್ನು ವಿರೋಧಿಸಿದರು. ಅದರಿಂದ ಭಾರತದಲ್ಲಿ ಆಕೆಯ ಹೆಸರು ಕೆಡುವುದೆಂಬುದು ಅವರ ಆತಂಕ. ರಮಾಬಾಯಿಯ ಉತ್ತರದಲ್ಲಿ ವ್ಯಂಗ್ಯಕ್ಕಿಂತ ವಿಸ್ಮಯವೇ ಹೆಚ್ಚು: ತನ್ನ ತಾಯಿ ತರುಣರಿಗೆ ಪಾಠ ಹೇಳಿದಾಗ ತಂದೆ ಅಡ್ಡಿಮಾಡಲಿಲ್ಲ, ತಾನು ಹೇಳಿದಾಗ ಗಂಡ ಆಕ್ಷೇಪಿಸಲಿಲ್ಲ, ಈಗ ಇಂಗ್ಲಿಷರು ಆಕ್ಷೇಪಿಸುತ್ತಿದ್ದಾರಲ್ಲ ಎಂದು. ಹೆಣ್ಣನ್ನು ವಿಮೋಚನೆಗೊಳಿಸುವುದು ಪಶ್ಚಿಮವೆಂಬ ಆ ಕಾಲದ ಸಿದ್ಧನಂಬಿಕೆ ಈ ಒಂದು ಮಾತಿನಿಂದ ತಲೆಕೆಳಗಾಗುತ್ತದೆ. ಉಡುಪಿಯಲ್ಲಿ ತಂದೆ ಮಾಡಿದ ಕೆಲಸವನ್ನು ಮಗಳು ಇಲ್ಲಿ ಕಾಗದದ ಮೇಲೆ ಮಾಡಿದ್ದಾರೆ. ಎದುರಾಳಿಯ ಮಾತನ್ನು ಮೊದಲು ಪ್ರಾಮಾಣಿಕವಾಗಿ ಎತ್ತಿಕೊಳ್ಳುವುದು, ಅದು ನಿಂತ ಪ್ರಮಾಣವನ್ನು ಕೇಳುವುದು, ಆಮೇಲೆ ತನ್ನ ನಿರ್ಣಯವನ್ನು ಹೇಳುವುದು: ಈ ನಡೆ ಇಂಗ್ಲಿಷ್ ಪತ್ರಲೇಖನದ ಸೌಜನ್ಯದಿಂದ ಬಂದದ್ದಲ್ಲ, ಪೂರ್ವಪಕ್ಷ-ಸಿದ್ಧಾಂತಗಳ ಶಾಸ್ತ್ರಾರ್ಥದಿಂದ ಬಂದದ್ದು. ಇತ್ತೀಚೆಗಷ್ಟೇ ಕಲಿತ ಇಂಗ್ಲಿಷಿನಲ್ಲಿ ಇಷ್ಟು ದೃಢವಾಗಿ ವಾದಿಸಲು ಸಾಧ್ಯವಾದದ್ದಕ್ಕೆ ಈ ಹಳೆಯ ತರಬೇತಿಯೇ ಕಾರಣವಿರಬೇಕು. ಪ್ರಶ್ನೆಗೆ ಪ್ರಶ್ನೆಯಾಗಿಯೇ ಕಿವಿಗೊಡುವ ಬೀಲ್‌ರಿಗೆ ಬರೆದ ಪತ್ರಗಳಲ್ಲಿ ಈ ವಾದ ಇನ್ನಷ್ಟು ನಿರಾಳವಾಗಿ ಹರಿಯುತ್ತದೆ.

ಅಮೆರಿಕೆಯೊಡನೆ ಅವರಿಗಿದ್ದ ನಂಟಿನ ಮೂಲದಲ್ಲೂ ಪತ್ರವಿದೆ. ನ್ಯೂಜೆರ್ಸಿಯ ರೋಸೆಲ್‌ನ ಶ್ರೀಮತಿ ಕಾರ್ಪೆಂಟರ್ ಮತ್ತು ಆನಂದೀಬಾಯಿ ಜೋಶಿಯವರ ನಡುವಿನ ಪತ್ರವ್ಯವಹಾರವೇ ಆನಂದೀಬಾಯಿಗೆ ಫಿಲಡೆಲ್ಫಿಯದ ದಾರಿ ತೋರಿಸಿತು. ಬಾಸ್ಟನ್ನಿನ ಲೇಖಕಿ ಕ್ಯಾರೊಲಿನ್ ಹೀಲಿ ಡಾಲ್ 1888ರಲ್ಲಿ ಆನಂದೀಬಾಯಿಯ ಚರಿತ್ರೆಯನ್ನು ಬರೆದಾಗ ಆಧರಿಸಿದ್ದು ಇಂಥ ಪತ್ರಗಳನ್ನೇ. 1886ರ ಮಾರ್ಚ್ 11ರ ಪದವಿ ಸಮಾರಂಭಕ್ಕೆಂದು ಹೋದ ರಮಾಬಾಯಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಉಳಿದರು. 1887ರ ಕೊನೆಯಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘ ಹುಟ್ಟಿತು. ಪದವಿ ಸಮಾರಂಭಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, 1889ರ ಮಾರ್ಚ್ 11ರಂದು, ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮುಂದೆ ಮನೋರಮಾಬಾಯಿ ಗುಲ್ಬರ್ಗದಲ್ಲಿ ಶಾಲೆಯನ್ನು ಕಟ್ಟಿದಾಗ ಈ ಕಥೆ ಮತ್ತೆ ಕನ್ನಡ ನೆಲಕ್ಕೆ ತಿರುಗಿತು.

1990ರ ದಶಕದ ನಂತರ ಉಮಾ ಚಕ್ರವರ್ತಿ, ಗೌರಿ ವಿಶ್ವನಾಥನ್, ಮೀರಾ ಕೋಸಂಬಿಯವರ ಅಧ್ಯಯನಗಳು ಈ ಪತ್ರಗಳನ್ನು ಚರ್ಚೆಯ ಕೇಂದ್ರಕ್ಕೆ ತಂದವು. ಮತಾಂತರವನ್ನು ಶರಣಾಗತಿಯೆಂದು ನೋಡದೆ ಭಿನ್ನಮತವೆಂದು ಓದುವ ದಾರಿ ತೆರೆದದ್ದು ಹೀಗೆ. ಈ ಓದುಗಳು ವಸಾಹತು ಮತ್ತು ಲಿಂಗದ ಪ್ರಶ್ನೆಗಳಿಗೆ ಕೊಟ್ಟಷ್ಟು ಗಮನವನ್ನು ಪತ್ರಗಳ ಶೈಲಿಗೆ, ಅದರ ಹಿಂದಿರುವ ಪೌರಾಣಿಕರ ಮನೆತನದ ಮಾತುಗಾರಿಕೆಗೆ ಕೊಟ್ಟಿಲ್ಲ. ಮಾಳ, ಉಡುಪಿಗಳ ವಿದ್ವತ್ ಪರಿಸರವನ್ನು ಬಲ್ಲ ಕನ್ನಡ ವಿಮರ್ಶಕರು ಮಾಡಬಹುದಾದ ಕೆಲಸವಿದು.

ಅಂಥ ಓದಿಗೆ ಒಂದು ಶಿಲುಬೆಯ ಪ್ರಸಂಗ ಸಾಕು. ಮಠದಿಂದ ಬಂದ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿದ್ದವು. ತನಗೆ ತಿಳಿಯದ ಲ್ಯಾಟಿನ್ನಿನಲ್ಲಿ ತನ್ನ ಹಳೆಯ ಸಂಸ್ಕೃತಕ್ಕಿಂತ ಹೆಚ್ಚಿನದೇನಿದೆ ಎಂದು ಕೇಳಿ, ಸಂಸ್ಕೃತದ ಅಕ್ಷರಗಳೇ ಬೇಕೆಂದು ರಮಾಬಾಯಿ ಬರೆದರು. ಅದೇ ಮಹಿಳೆ ಕೆಡಗಾಂವಿನ ಮುಕ್ತಿಸದನದಲ್ಲಿ ಬೈಬಲ್ಲನ್ನು ಮರಾಠಿಗೆ ತರುವಾಗ ಸಂಸ್ಕೃತದ ಶಬ್ದಗಳನ್ನು ಹುಡುಕಿ ಹುಡುಕಿ ಕೈಬಿಟ್ಟರು. ಓದಲು ಆಗತಾನೇ ಕಲಿತ ಹೆಂಗಸರಿಗೆ ತಿಳಿಯುವ ಮಾತನ್ನು ಆರಿಸಿದರು. 1922ರ ಏಪ್ರಿಲಿನಲ್ಲಿ ತೀರಿಕೊಳ್ಳುವ ಮುನ್ನ ಅವರು ಮುಗಿಸಿದ ಕೊನೆಯ ಕೆಲಸ ಅದು.