ಮುಟ್ಟದಿದ್ದರೆ ಮಾತ್ರ ಶುಚಿಯೆ?

ಇಂಗ್ಲಿಷ್ ವ್ಯಾಕರಣದ ಪುಸ್ತಕಗಳಲ್ಲಿ ಹೋಲಿಕೆಗಳ ಪಟ್ಟಿಯೊಂದಿರುತ್ತದೆ. ಮಕ್ಕಳಿಗೆ ಪಾಠ ಹೇಳಿಕೊಡುವ ತಾಯಂದಿರಿಗೆ ಅದು ಪರಿಚಿತ. ಕ್ಲೀನ್ ಆ್ಯಸ್ ಎ ವಿಸಲ್, ನೀಟ್ ಆ್ಯಸ್ ಎ ನ್ಯೂ ಪಿನ್, ಪ್ಯೂರ್ ಆ್ಯಸ್ ದ ಡ್ರಿವನ್ ಸ್ನೋ. ಬಾಯಿಪಾಠ ಮಾಡಿಸುವುದು ಸುಲಭ. ಆದರೆ ಸೀಟಿಗೂ ಶುಚಿಗೂ ಏನು ನಂಟು ಎಂದು ಮಗು ಕೇಳಿದರೆ?

ಕೊಳವೆಯೊಳಗೆ ಕಸ ಸಿಕ್ಕಿಕೊಂಡರೆ ಸೀಟಿ ಸರಿಯಾಗಿ ಕೂಗದು ಎಂಬುದು ಒಂದು ವಿವರಣೆ. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ೧೭೮೬ರಲ್ಲಿ ಬರಿದಾದ ಪಾತ್ರೆಯನ್ನು ಸೀಟಿಗೆ ಹೋಲಿಸಿದ್ದ. ಇಂದು ಈ ಮಾತನ್ನು ಉಜ್ಜಿದ ನೆಲಕ್ಕೂ ಹೇಳುತ್ತಾರೆ, ಯಾವ ಆರೋಪವೂ ಇಲ್ಲದ ಮನುಷ್ಯನಿಗೂ ಹೇಳುತ್ತಾರೆ. ಹೊಸ ಗುಂಡುಸೂಜಿಯ ಮಾತು ಓರಣವಾದ ಕೋಣೆಗೆ, ಉಡುಪಿಗೆ ಸಲ್ಲುತ್ತದೆ. 'ಸ್ಪಿಕ್ ಅಂಡ್ ಸ್ಪ್ಯಾನ್' ಎಂಬ ಮಾತಿನಲ್ಲೂ ಹಳೆಯ ಹೋಲಿಕೆಯೊಂದು ಅಡಗಿದೆ: ಹೊಸ ಮೊಳೆಯಂತೆ, ಆಗತಾನೆ ಕೆತ್ತಿದ ಮರದ ಚಕ್ಕೆಯಂತೆ ಹೊಚ್ಚ ಹೊಸದು ಎಂದು. ಡ್ರಿವನ್ ಸ್ನೋ ಎಂದರೆ ಗಾಳಿ ತಂದು ಗುಡ್ಡೆ ಹಾಕಿದ, ಇನ್ನೂ ಯಾರೂ ತುಳಿಯದ ಹಿಮ.

ಬರಿದಾದದ್ದು, ಹೊಸದು, ತುಳಿಯದ್ದು. ಬಳಸಿದ ಮೇಲೆ ತೊಳೆದಿಟ್ಟ ವಸ್ತು ಇವುಗಳಲ್ಲಿ ಒಂದೂ ಇಲ್ಲ! ತೊಳೆದ ಕೈಯಂತೂ ಕಾಣುವುದೇ ಇಲ್ಲ. ಸಂಸಾರದಲ್ಲಿ ಯಾವ ವಸ್ತು ತಾನೇ ಹೊಸದಾಗಿ ಉಳಿದೀತು? ಬೆಳಿಗ್ಗೆ ತಿಕ್ಕಿದ ಬಾಣಲೆ ಮಧ್ಯಾಹ್ನಕ್ಕೆ ಮತ್ತೆ ಜಿಡ್ಡಾಗುತ್ತದೆ.

ಹೋಲಿಕೆ ಪಾತ್ರೆಯಿಂದ ಹೆಣ್ಣಿಗೆ ದಾಟಿದಾಗ ವಿಷಯ ಇನ್ನೂ ಗಂಭೀರವಾಗುತ್ತದೆ. ಹಿಮದ ಮಾತನ್ನು ಹೆಣ್ಣಿನ ಶೀಲಕ್ಕೇ ಹೆಚ್ಚಾಗಿ ಹೇಳುತ್ತಿದ್ದರು. ಈಗ ಅದನ್ನು ಬಹುಮಟ್ಟಿಗೆ ವ್ಯಂಗ್ಯವಾಗಿ ಆಡುತ್ತಾರೆ. ಆದರೆ ಒಳಗಿನ ಅಳತೆಗೋಲು ಅದೇ. ಯಾರೂ ಮುಟ್ಟದಿದ್ದರೆ ಶುದ್ಧ, ಮುಟ್ಟಿದರೆ ಮೈಲಿಗೆ. ನಮ್ಮ 'ಮಡಿ'ಯ ಲೆಕ್ಕವೂ ಇದೇ ಅಲ್ಲವೆ? ಇಂಗ್ಲಿಷರನ್ನಷ್ಟೇ ದೂರಿ ಪ್ರಯೋಜನವಿಲ್ಲ.

೧೯೩೩ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಇಬ್ಬರು ಗೃಹಿಣಿಯರು ತೊಳೆಯುವ ಪುಡಿಯೊಂದನ್ನು ತಯಾರಿಸಿ ಅದಕ್ಕೆ 'ಸ್ಪಿಕ್ ಅಂಡ್ ಸ್ಪ್ಯಾನ್' ಎಂದೇ ಹೆಸರಿಟ್ಟರು. ಹೊಚ್ಚ ಹೊಸದೆಂಬ ಮಾತು ಹೀಗೆ ಹಳೆಯ ನೆಲ ಒರೆಸುವ ಹೆಂಗಸಿನ ಕೈಗೆ ಬಂತು. ಕನ್ನಡದಲ್ಲಾದರೋ ಆ ಕೈ ಕ್ರಿಯಾಪದದಲ್ಲೇ ಇದೆ. ನಾವು ಪಾತ್ರೆಯನ್ನು ಬೆಳಗುತ್ತೇವೆ, ದೀಪವನ್ನೂ ಬೆಳಗುತ್ತೇವೆ, ಮುಂಜಾನೆಯನ್ನೂ ಬೆಳಗು ಎನ್ನುತ್ತೇವೆ. ಉಜ್ಜುವುದಕ್ಕೂ ಹೊಳೆಯುವುದಕ್ಕೂ ಒಂದೇ ಮಾತು. ಮಕ್ಕಳು ಪಟ್ಟಿ ಕಲಿಯಲಿ, ಬೇಡವೆನ್ನುವುದಿಲ್ಲ. ಜೊತೆಗೆ, ಬೆಳಗಿದ ತಂಬಿಗೆಯಂತೆ ಎಂಬ ಹೋಲಿಕೆಯನ್ನೂ ನಾವು ಹೇಳಿಕೊಡೋಣ. ಹಳತಾದರೂ, ನೂರು ಕೈ ಮುಟ್ಟಿದರೂ ತಂಬಿಗೆ ಹೊಳೆಯುತ್ತದೆ.